ಮಾತು ಕೊಟ್ಟ ದಿನ

ಹಣ ಕಳೆದುಕೊಂಡವರ ಬಾಯಲ್ಲಿ ಕನ್ನಡ ಬಹಳ ಚುರುಕಾಗುತ್ತದೆ. ಟೋಪಿ ಹಾಕಿದ, ಮೂರು ನಾಮ ಎಳೆದ, ಕೈಗೆ ಚಿಪ್ಪು ಕೊಟ್ಟ, ನುಂಗಿ ನೀರು ಕುಡಿದ. ಚೀಟಿ ಎತ್ತಿಕೊಂಡು ಕಂತು ನಿಲ್ಲಿಸಿದವನಿಗೂ, ಸೈಟಿಗೆಂದು ಮುಂಗಡ ಪಡೆದು ಬಡಾವಣೆಯನ್ನೇ ಮಾಡದವನಿಗೂ, ಸೊಸೈಟಿಯ ಠೇವಣಿಗೆ ಕೈ ಹಾಕಿದ ಕಾರ್ಯದರ್ಶಿಗೂ, ವ್ಯಾಪಾರ ಮುಳುಗಿ ಬಾಕಿ ತೀರಿಸಲಾಗದೆ ಫೋನು ಆಫ್ ಮಾಡಿ ಕೂತವನಿಗೂ ನಾವು ಕೊಡುವ ಬಿರುದು ಒಂದೇ: ಫೋರ್ ಟ್ವೆಂಟಿ. 2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಆ 420ನೇ ಕಲಂ 318(4) ಆಗಿದೆ. ಆದರೂ ಯಾರೂ ಯಾರನ್ನೂ ‘ತ್ರೀ ಎಯ್ಟೀನ್’ ಎಂದು ಬೈಯುವುದಿಲ್ಲ. ಆ ದಿನಕ್ಕೆ ಮುಂಚಿನ ಕೃತ್ಯಗಳಿಗೆ ಇವತ್ತಿಗೂ ಹಳೆಯ ಕಲಮೇ ಅನ್ವಯವಾಗುವುದರಿಂದ ಬಿರುದಿಗೆ ಇನ್ನೂ ಹಲವು ವರ್ಷಗಳ ಆಯುಸ್ಸು ಇದೆ.

ಕಾಡುವ ವಿಷಯ ಬೇರೆ. ಬಯ್ಗುಳದಲ್ಲಿ ಈ ನಾಲ್ವರೂ ಒಂದೇ ಆದರೂ ಕಾನೂನಿನಲ್ಲಿ ನಾಲ್ವರೂ ಬೇರೆ ಬೇರೆ. ಒಬ್ಬ ವಂಚಕ ಆಗಬಹುದು, ಇನ್ನೊಬ್ಬ ನಂಬಿಕೆದ್ರೋಹಿ, ಮತ್ತೊಬ್ಬ ಬರೀ ಸಾಲಗಾರ. ನಾವು ಮೋಸವನ್ನು ಲೆಕ್ಕ ಹಾಕುವುದು ಹಣ ವಾಪಸ್ ಬರದ ದಿನದಿಂದ. ನ್ಯಾಯಾಲಯ ಅಲ್ಲಿಂದ ಹಿಂದಕ್ಕೆ ನಡೆದು ಹಣ ಕೈ ಬದಲಾದ ದಿನಕ್ಕೆ ಹೋಗಿ ನಿಂತು, ಆ ಹೊತ್ತಿನಲ್ಲಿ ಇವನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತದೆ. ದೂರುದಾರರು, ಪೊಲೀಸರು, ಎಷ್ಟೋ ಸಲ ಆರೋಪಿಗಳೂ ಕೊನೆಯ ದಿನದ ಬಗ್ಗೆಯೇ ಜಗಳವಾಡುತ್ತಿರುತ್ತಾರೆ. ಮೊದಲ ದಿನದ ಕಾಗದ ಮಾತ್ರ ಯಾವುದೋ ಫೈಲಿನ ತಳದಲ್ಲಿ ಬಿದ್ದಿರುತ್ತದೆ.

ಕುದುರೆಯ ಮೇವು

ಈ ವ್ಯತ್ಯಾಸವನ್ನು ತೋರಿಸಲು ನನಗೆ ಬಹಳ ಇಷ್ಟವಾಗುವ ಉದಾಹರಣೆ ದೆಹಲಿಯ ರೇಸ್ ಕ್ಲಬ್ಬಿನದು. ಕ್ಲಬ್ಬಿನ ಕುದುರೆಗಳಿಗೆ ಓಟ್ಸ್, ಧಾನ್ಯ ಸರಬರಾಜು ಮಾಡಿದವರಿಗೆ ಲಕ್ಷಗಟ್ಟಲೆ ಬಾಕಿ ಉಳಿಯಿತು. ಕುದುರೆಗಳು ಮೇವು ತಿಂದು ಮುಗಿಸಿದ್ದವು, ಬಿಲ್ಲು ಮಾತ್ರ ಹಾಗೇ ಇತ್ತು. ಸರಬರಾಜುದಾರರು ಕ್ರಿಮಿನಲ್ ದೂರು ಹಾಕಿದರು, ಕೆಳ ನ್ಯಾಯಾಲಯ ಸಮನ್ಸ್ ಕೊಟ್ಟಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುತ್ತಾ ಒಂದು ಹಳೆಯ ಪಾಠವನ್ನು ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಮತ್ತೆ ಹೇಳಿತು: ವಂಚನೆ ಮತ್ತು ನಂಬಿಕೆದ್ರೋಹ ಒಂದೇ ಸಂಗತಿಯ ಮೇಲೆ ಜೊತೆಗೆ ನಿಲ್ಲಲಾರವು.

ಕಾರಣ ಸರಳ. ನಂಬಿಕೆದ್ರೋಹಕ್ಕೆ, ಅಂದರೆ ಹಳೆಯ 406ಕ್ಕೆ ಅಥವಾ ಹೊಸ 316ಕ್ಕೆ, ಮೊದಲು ಸರಿಯಾದ ರೀತಿಯಲ್ಲೇ ವಸ್ತುವನ್ನು ಒಪ್ಪಿಸಿರಬೇಕು. ಅದು ಕೊಟ್ಟವನ ಸೊತ್ತಾಗಿಯೇ ಉಳಿದಿರಬೇಕು, ಇಟ್ಟುಕೊಂಡವನ ಮನಸ್ಸು ಆಮೇಲೆ ಕೆಟ್ಟಿರಬೇಕು. ವಂಚನೆಗೆ ಇದರ ತಿರುವುಮುರುವು: ಮನಸ್ಸು ಮೊದಲೇ ಕೆಟ್ಟಿರಬೇಕು, ಆ ಸುಳ್ಳನ್ನು ನಂಬಿಯೇ ಇವರು ವಸ್ತು ಕೊಟ್ಟಿರಬೇಕು. ಮೇವು ಮಾರಾಟವಾದ ಕ್ಷಣವೇ ಅದು ಕ್ಲಬ್ಬಿನ ಸ್ವತ್ತು, ಅಲ್ಲಿ ಒಪ್ಪಿಸಿದ್ದು ಏನೂ ಇಲ್ಲ. ಆರ್ಡರ್ ಕೊಡುವಾಗಲೇ ಹಣ ಕೊಡಬಾರದು ಎಂದುಕೊಂಡಿದ್ದರು ಎನ್ನಲು ದೂರಿನಲ್ಲಿ ಒಂದು ಸಾಲೂ ಇರಲಿಲ್ಲ. ಉಳಿಯುವುದು ಬಾಕಿ ವಸೂಲಿ, ಅದಕ್ಕೆ ಇರುವುದು ಸಿವಿಲ್ ದಾವೆ.

ಹಾಗಾದರೆ ಆ ಮೊದಲ ದಿನದ ಮನಸ್ಸನ್ನು ಯಾರು ನೋಡಿದ್ದಾರೆ? ಯಾರೂ ನೋಡಿಲ್ಲ, ಅಕ್ಕಪಕ್ಕದ ಸಂಗತಿಗಳಿಂದ ಊಹಿಸಬೇಕು. ಬಡಾವಣೆಯ ಉದಾಹರಣೆ ತೆಗೆದುಕೊಳ್ಳಿ. ಮುಂಗಡ ಪಡೆದ ದಿನ ಆ ಸರ್ವೆ ನಂಬರಿನಲ್ಲಿ ಇವನಿಗೆ ಕ್ರಯಪತ್ರವಾಗಲಿ ರೈತರ ಜೊತೆ ಕರಾರಾಗಲಿ ಇತ್ತೇ? ಭೂಪರಿವರ್ತನೆಗೆ ಅರ್ಜಿ ಹಾಕಿದ್ದನೇ? ಬಂದ ಹಣ ಜೆಸಿಬಿಗೆ, ಮೋರಿಗೆ, ರೈತರಿಗೆ ಹೋಯಿತೇ, ಅಥವಾ ಅದೇ ವಾರ ಹೆಂಡತಿಯ ಖಾತೆಗೆ ಹೋಯಿತೇ? ಒಂದೇ ಸೈಟ್ ನಂಬರನ್ನು ಮೂವರಿಗೆ ಕೊಟ್ಟಿದ್ದಾನೆಯೇ? ರೈತರಿಗೆ ಅರ್ಧ ಹಣ ಕೊಟ್ಟ ಬ್ಯಾಂಕ್ ದಾಖಲೆ, ಪ್ರಾಧಿಕಾರಕ್ಕೆ ಸಲ್ಲಿಸಿದ ನಕ್ಷೆಯ ಸ್ವೀಕೃತಿ ಇವೆರಡಿದ್ದರೆ, ಯೋಜನೆ ಮುಳುಗಿದ್ದರೂ 420 ಕುಂಟತೊಡಗುತ್ತದೆ. ಒಂದೇ ಸೈಟಿಗೆ ಮೂರು ಕರಾರು ಇದ್ದರೆ ಎಂಥ ಹಿರಿಯ ವಕೀಲರನ್ನಿಟ್ಟರೂ ಎದ್ದು ನಿಲ್ಲುವುದು ಕಷ್ಟ.

ಎಫ್‌ಐಆರ್‌ನ ಉದ್ದನೆಯ ಸಾಲು

ಇಂಥ ಪ್ರಕರಣದ ಎಫ್‌ಐಆರ್ ತೆರೆದರೆ ಕಲಂಗಳು ಬಸ್ಸಿನ ರೂಟ್ ನಂಬರುಗಳ ಹಾಗೆ ಸಾಲಾಗಿ ನಿಂತಿರುತ್ತವೆ: 406, 409, 420, 465, 467, 468, 471, 120ಬಿ, ಜೊತೆಗೆ 34. ಅಷ್ಟೂ ಅಪರಾಧ ಮಾಡಿದ್ದಾನೆ ಎಂದು ಓದುವವರು ಗಾಬರಿಯಾಗುತ್ತಾರೆ. ಈ ಸಾಲಿಗೆ ಇರುವ ಪ್ರಾಯೋಗಿಕ ಉಪಯೋಗವೇ ಬೇರೆ. 420ಕ್ಕೆ ಗರಿಷ್ಠ ಏಳು ವರ್ಷ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಎಂದು ಪೊಲೀಸರು ಬರೆದಿಡಬೇಕು, ಸಾಮಾನ್ಯವಾಗಿ ಮೊದಲು ಹಾಜರಾತಿ ನೋಟಿಸ್ ಕೊಡಬೇಕು ಎಂದು 2014ರಿಂದ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ. ಈಗ ಆ ನೋಟಿಸ್ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 35(3)ರಲ್ಲಿದೆ. ಆದರೆ 409 (ಸರ್ಕಾರಿ ನೌಕರರು, ಬ್ಯಾಂಕಿನವರಂಥವರು ಮಾಡುವ ನಂಬಿಕೆದ್ರೋಹ) ಅಥವಾ 467 (ಬೆಲೆಬಾಳುವ ದಸ್ತಾವೇಜಿನ ಖೋಟಾ) ಸೇರಿದರೆ ಶಿಕ್ಷೆ ಜೀವಾವಧಿಯವರೆಗೆ ಏರುತ್ತದೆ. ಆಗ ಆ ರಕ್ಷಣೆ ಜಾರುತ್ತದೆ, ಮ್ಯಾಜಿಸ್ಟ್ರೇಟರು ಜಾಮೀನಿಗೆ ಹಿಂದೇಟು ಹಾಕುತ್ತಾರೆ, ಚಾರ್ಜ್‌ಶೀಟ್ ಹಾಕಲು ಇರುವ ಗಡುವು 60 ದಿನದಿಂದ 90ಕ್ಕೆ ಜಿಗಿಯುತ್ತದೆ. ಆ ಗಡುವು ದಾಟಿದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ, ಆದರೆ ಅರ್ಜಿ ಹಾಕಿ ಕೇಳಬೇಕು. 61ನೇ ಬೆಳಿಗ್ಗೆ ಅರ್ಜಿ ಹಾಕದೆ ಮಧ್ಯಾಹ್ನ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಕೈತಪ್ಪುತ್ತದೆ. ಒಂದು ಅಂಕಿ ಸೇರಿದ್ದರಿಂದ ಒಬ್ಬ ಮನುಷ್ಯ ಇನ್ನೊಂದು ತಿಂಗಳು ಒಳಗಿರುತ್ತಾನೆ. ಹಾಗಾಗಿ ಮೊದಲ ವಾರದಲ್ಲಿ ವಕೀಲರು ಇಡೀ ಕತೆಯ ಜೊತೆ ಹೋರಾಡುವುದಕ್ಕಿಂತ ಆ ಒಂದು ಅಂಕಿಯ ಜೊತೆ ಹೋರಾಡುವುದು ಹೆಚ್ಚು.

467ರ ಜೊತೆಗಿನ ಹೋರಾಟಕ್ಕೆ ಬೆಂಗಳೂರಿನ ಜಮೀನು ವ್ಯಾಜ್ಯಗಳು ಒಳ್ಳೆಯ ಅಖಾಡ. ತನ್ನದಲ್ಲದ ಜಾಗವನ್ನು ತನ್ನದೆಂದು ಹೇಳಿ, ತನ್ನದೇ ಹೆಸರಿನಲ್ಲಿ, ತನ್ನದೇ ಸಹಿ ಹಾಕಿ ಮಾರಿದವನು ಖೋಟಾ ದಸ್ತಾವೇಜು ಸೃಷ್ಟಿಸಿದ ಹಾಗಾಗುತ್ತದೆಯೇ? ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಹೇಳಿತು. ಸುಳ್ಳು ಹೇಳುವ ದಾಖಲೆ ಬೇರೆ, ಸುಳ್ಳು ದಾಖಲೆ ಬೇರೆ. ಬೇರೊಬ್ಬನಂತೆ ನಟಿಸಿ ಅಥವಾ ಬೇರೊಬ್ಬನ ಅಧಿಕಾರ ಇದೆಯೆಂದು ತೋರಿಸಿ ಬರೆದಾಗ, ಬರೆದಾದ ಮೇಲೆ ತಿದ್ದಿದಾಗ, ಇಲ್ಲವೇ ಮೋಸದಿಂದ ಅಥವಾ ಪ್ರಜ್ಞೆ ಸರಿಯಿಲ್ಲದವನಿಂದ ಸಹಿ ಹಾಕಿಸಿಕೊಂಡಾಗ ಮಾತ್ರ ಅದು ಖೋಟಾ. ಹಣ ಕೊಟ್ಟು ಕೊಂಡವನಿಗೆ ವಂಚನೆಯ ದೂರು ಉಳಿಯುತ್ತದೆ, ಜಾಗದ ನಿಜವಾದ ಮಾಲೀಕನಿಗೆ ಸಿವಿಲ್ ಕೋರ್ಟ್. ಆದರೆ 467, 468, 471 ಮೂರೂ ಒಟ್ಟಿಗೆ ಕಳಚಿ ಬೀಳುತ್ತವೆ. ಆಧಾರ್ ತಿದ್ದಿ ಬೇರೊಬ್ಬಳನ್ನು ಮಾಲಕಿಯೆಂದು ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲಿಸಿದ್ದರೆ ಈ ವಾದವನ್ನು ಬಾಯಿಬಿಡದಿರುವುದೇ ಲೇಸು.

ಚಾರ್ಜ್‌ಶೀಟ್ ಕೈಗೆ ಬಂದ ಮೇಲೆ ಮಾಡುವ ಕೆಲಸ ನೋಡಲು ಗುಮಾಸ್ತಗಿರಿಯಂತೆ ಇರುತ್ತದೆ. ಒಂದು ದೊಡ್ಡ ಹಾಳೆ, ಅಡ್ಡಕ್ಕೆ ಆರೋಪಿಗಳು, ಉದ್ದಕ್ಕೆ ಕಲಂಗಳು, ಪ್ರತಿ ಚೌಕದಲ್ಲಿ ಆ ಮಾತನ್ನು ಸಾಬೀತು ಮಾಡಬೇಕಾದ ದಾಖಲೆಯ ಪುಟ ಸಂಖ್ಯೆ. ಎರಡು ಸಾವಿರ ಪುಟದ ಚಾರ್ಜ್‌ಶೀಟಿನಲ್ಲೂ ಎ5, ಎ6ರ, ಅಂದರೆ ಐದನೇ, ಆರನೇ ಆರೋಪಿಗಳ, ಚೌಕಗಳು ಖಾಲಿಯೇ ಉಳಿಯುವುದು ಅಪರೂಪವಲ್ಲ. ‘ಇತರ ಆರೋಪಿಗಳೊಂದಿಗೆ ಶಾಮೀಲಾಗಿ’ ಎಂಬ ಒಂದು ಮಾತಿನ ಹೊರತು ಅಲ್ಲಿ ಏನೂ ಇರುವುದಿಲ್ಲ. ಆ ಖಾಲಿ ಚೌಕವೇ ಡಿಸ್ಚಾರ್ಜ್ ಅರ್ಜಿ, ಅಂದರೆ ವಿಚಾರಣೆಗೆ ಮುಂಚೆಯೇ ಕೈಬಿಡಿ ಎಂಬ ಕೋರಿಕೆ. ಹೊಸ ಕಾನೂನಿನಲ್ಲಿ ಆ ಅರ್ಜಿಗೆ 60 ದಿನಗಳ ಮಿತಿ ಬಂದಿದೆ ಎಂಬುದನ್ನು ಹಳೆಯ ಅಭ್ಯಾಸದವರು ಮರೆಯುತ್ತಾರೆ.

ಒಡವೆ ಸಾಲದ ಕೌಂಟರ್

ಬ್ಯಾಂಕಿನ ಶಾಖೆಗಳಲ್ಲಿ, ಪತ್ತಿನ ಸಹಕಾರ ಸಂಘಗಳಲ್ಲಿ ಮರುಕಳಿಸುವ ಒಂದು ಮಾದರಿ ಇದೆ. ನಕಲಿ ಚಿನ್ನದ ಒಡವೆ ಸಾಲ. ಒಡವೆ ತರುವವನು ಗ್ರಾಹಕ, ಉಜ್ಜಿ ತೂಗಿ ಚೀಟಿ ಬರೆಯುವವನು ಚಿನ್ನ ಪರೀಕ್ಷಕ, ಖಾತೆ ಸೃಷ್ಟಿಸುವವನು ಗುಮಾಸ್ತ, ಕಂಪ್ಯೂಟರಿನಲ್ಲಿ ಅನುಮೋದಿಸುವವನು ಅಧಿಕಾರಿ, ತಿಜೋರಿಯ ಎರಡು ಕೀಲಿಗಳಲ್ಲಿ ಒಂದು ಮ್ಯಾನೇಜರ್ ಬಳಿ. ಪೊಟ್ಟಣದ ಸೀಲಿನ ಮೇಲೆ ಮೂವರ ಸಹಿ. ಒಂದು ದಿನ ತಪಾಸಣೆಗೆ ಹೊರಗಿನ ಪರೀಕ್ಷಕ ಬಂದು ಪೊಟ್ಟಣ ಒಡೆದಾಗ ಒಳಗೆ ಚಿನ್ನದ ನೀರು ಕುಡಿಸಿದ ತಾಮ್ರ. ಪೊಲೀಸ್ ದೂರಿನಲ್ಲಿ ಮ್ಯಾನೇಜರ್ ಎ1, ಪರೀಕ್ಷಕ ಎ2, ಗುಮಾಸ್ತ ಎ3, ಸಾಲಗಾರರು ಎ4ರಿಂದ ಎ20ರವರೆಗೆ.

ಇಲ್ಲಿ ಎಲ್ಲರ ಸಹಿಯೂ ಇದೆ, ಎಲ್ಲರೂ ಸಹಿಯನ್ನು ಒಪ್ಪುತ್ತಾರೆ. ಹಾಗಾಗಿ ಸಹಿ ಯಾರದು ಎಂಬುದು ಪ್ರಶ್ನೆಯೇ ಅಲ್ಲ. ಸಹಿ ಹಾಕಿದವನಿಗೆ ಪೊಟ್ಟಣದೊಳಗೆ ತಾಮ್ರವಿದೆ ಎಂದು ತಿಳಿದಿತ್ತೇ? ಅದನ್ನು ಹೇಳುವುದು ಹಣದ ಜಾಡು. ಹದಿನೇಳು ಸಾಲಗಾರರಲ್ಲಿ ಹನ್ನೊಂದು ಖಾತೆಗೆ ಒಂದೇ ಮೊಬೈಲ್ ನಂಬರ್, ಸಾಲ ಬಿಡುಗಡೆಯಾದ ಅರ್ಧ ಗಂಟೆಯಲ್ಲಿ ಎಲ್ಲ ಹಣವೂ ಪರೀಕ್ಷಕನ ಸಂಬಂಧಿಯ ಖಾತೆಗೆ ಹೋಗಿದ್ದರೆ ಎ2ನ ಕತೆ ಅಲ್ಲಿಗೆ ಮುಗಿಯಿತು. ಮ್ಯಾನೇಜರ್ ಕಡೆಗೆ ಒಂದು ರೂಪಾಯಿಯೂ ಹರಿದಿಲ್ಲ, ಆದರೆ ನಿಯಮದ ಪ್ರಕಾರ ಮಾಡಿಸಬೇಕಿದ್ದ ಮರುಪರೀಕ್ಷೆ ಮಾಡಿಸಿಲ್ಲ, ಒಂದೇ ದಿನ ಒಂದೇ ತೂಕದ ಆರು ಬಳೆ ಬಂದಾಗಲೂ ಅನುಮಾನಿಸಿಲ್ಲ ಎಂದಾದರೆ ಅದು ನಿರ್ಲಕ್ಷ್ಯ, ಬಹಳ ದೊಡ್ಡ ನಿರ್ಲಕ್ಷ್ಯವೂ ಆಗಿರಬಹುದು. ಕೆಲಸ ಹೋಗಬಹುದು. 409ಕ್ಕೆ ಬೇಕಾದ ಅಪ್ರಾಮಾಣಿಕತೆ ಅದಲ್ಲ. ಇಲಾಖಾ ವಿಚಾರಣೆಯ ತಕ್ಕಡಿಯಲ್ಲಿ ‘ಹೀಗಾಗಿರುವ ಸಂಭವ ಹೆಚ್ಚು’ ಎಂದರೆ ಸಾಕು, ಕ್ರಿಮಿನಲ್ ಕೋರ್ಟಿಗೆ ಸಂಶಯಾತೀತವಾಗಿ ಬೇಕು. ಒಂದರಲ್ಲಿ ಸೋತವನು ಇನ್ನೊಂದರಲ್ಲಿ ಗೆಲ್ಲುವುದು ವಿರೋಧಾಭಾಸವಲ್ಲ.

ಪಾಸ್‌ವರ್ಡ್ ವಿಷಯವನ್ನು ಯಾರೂ ಮೊದಲ ದಿನ ಬಾಯಿ ಬಿಡುವುದಿಲ್ಲ. ಊಟಕ್ಕೆ ಹೋಗುವಾಗ ಅಧಿಕಾರಿ ತನ್ನ ಪಾಸ್‌ವರ್ಡನ್ನು ಗುಮಾಸ್ತನಿಗೆ ಹೇಳಿ ಹೋಗುವುದು ನಿಯಮದ ಪ್ರಕಾರ ದುರ್ನಡತೆ, ಆದರೆ ಜನ ತುಂಬಿದ ಶಾಖೆಗಳಲ್ಲಿ ಅದು ನಡೆದೇ ಇರುತ್ತದೆ. ಅದನ್ನು ಮುಚ್ಚಿಟ್ಟರೆ ಎಲ್ಲ ಅನುಮೋದನೆಗಳೂ ಅಧಿಕಾರಿಯ ಕೊರಳಿಗೆ. ಸರ್ವರ್ ಲಾಗ್, ಹಾಜರಾತಿ, ರಜೆ ಪುಸ್ತಕ, ಸಿಸಿಟಿವಿ ಇವನ್ನು ಪಕ್ಕಪಕ್ಕ ಇಟ್ಟಾಗ ಮಧ್ಯಾಹ್ನ ಒಂದು ನಲವತ್ತಕ್ಕೆ, ಅವನು ಜಿಲ್ಲಾ ಕೇಂದ್ರದಲ್ಲಿ ಸಭೆಯಲ್ಲಿದ್ದಾಗ, ಅವನ ಹೆಸರಲ್ಲಿ ಮೂರು ಸಾಲ ಅನುಮೋದನೆಯಾಗಿರುವುದು ಹೊರಬೀಳುತ್ತದೆ. ತೊಂದರೆ ಎಂದರೆ ಸಿಸಿಟಿವಿ ದೃಶ್ಯ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ. ಉಳಿಸಿಡಿ ಎಂದು ಬ್ಯಾಂಕಿಗೂ ತನಿಖಾಧಿಕಾರಿಗೂ ಲಿಖಿತವಾಗಿ, ಸ್ವೀಕೃತಿ ಪಡೆದು ಕೇಳದಿದ್ದರೆ ಎರಡು ವರ್ಷದ ನಂತರ ಕೋರ್ಟಿನಲ್ಲಿ ಕೇಳಿ ಪ್ರಯೋಜನವಿಲ್ಲ.

ಇನ್ನು ಆ ಮೊದಲ ರಾತ್ರಿಯ ಪತ್ರ. ತಪಾಸಣಾ ತಂಡ ಶಾಖೆಯ ಬಾಗಿಲು ಹಾಕಿಕೊಂಡು ಕೂತಿರುತ್ತದೆ, ಗಂಟೆ ಹತ್ತು ದಾಟಿರುತ್ತದೆ. ಯಾರೋ ಹಿರಿಯರು ಮೆತ್ತಗೆ ಹೇಳುತ್ತಾರೆ: ‘ತಪ್ಪಾಗಿದೆ ಅಂತ ಬರೆದುಕೊಡಿ, ಹಣ ಕಟ್ಟಿಬಿಡಿ, ಪೊಲೀಸ್ ಗೀಲೀಸ್ ಅಂತ ಹೋಗೋದು ಬೇಡ.’ ಬೆವರುತ್ತಾ ಕೂತವನು ಬರೆಯುತ್ತಾನೆ. ತಿಂಗಳೊಳಗೆ ಎಫ್‌ಐಆರ್ ಆಗುತ್ತದೆ, ಆ ಪತ್ರ ಪ್ರಾಸಿಕ್ಯೂಷನ್ನಿನ ಮೊದಲ ದಾಖಲೆಯಾಗುತ್ತದೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ, ಆದರೆ ಮಾಲೀಕರಿಗೆ ಬರೆದುಕೊಟ್ಟದ್ದು ಸಾಕ್ಷ್ಯವಾಗಬಲ್ಲದು. ಇದನ್ನು ಎದುರಿಸುವ ದಾರಿ ‘ನಾನು ಬರೆದೇ ಇಲ್ಲ’ ಎನ್ನುವುದಲ್ಲ. ಕೈಬರಹ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ಬರುತ್ತದೆ, ಸುಳ್ಳು ಹೇಳಿದವನ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಅಧಿಕಾರದಲ್ಲಿರುವವರು ಆಸೆ ತೋರಿಸಿ, ಬೆದರಿಸಿ ಅಥವಾ ಭರವಸೆ ಕೊಟ್ಟು ಪಡೆದ ತಪ್ಪೊಪ್ಪಿಗೆ ನಿಲ್ಲುವುದಿಲ್ಲ ಎನ್ನುತ್ತದೆ ಸಾಕ್ಷ್ಯ ಕಾನೂನು. ಹಳೆಯದರಲ್ಲಿ ಅದು ಕಲಂ 24, ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 22. ‘ಪೊಲೀಸಿಗೆ ಹೋಗೋದು ಬೇಡ’ ಎಂಬ ಆ ಮೆತ್ತನೆಯ ಮಾತೇ ಆ ಭರವಸೆ. ತಪಾಸಣಾಧಿಕಾರಿಯ ಪಾಟಿ ಸವಾಲಿನಲ್ಲಿ ಪತ್ರ ಎಷ್ಟು ಗಂಟೆಗೆ ಬರೆಸಿದ್ದು, ಕೋಣೆಯಲ್ಲಿ ಎಷ್ಟು ಜನರಿದ್ದರು, ಬಾಗಿಲು ಹಾಕಿತ್ತೇ, ಒಕ್ಕಣೆ ಯಾರದು ಎಂದು ಕೇಳುವುದು ಅದಕ್ಕಾಗಿ. ‘ನನ್ನಿಂದ ನ್ಯೂನತೆ ಉಂಟಾಗಿರುತ್ತದೆ’ ಎಂಬ ಕಚೇರಿ ಕನ್ನಡವನ್ನು ಯಾವ ಭಯಗೊಂಡ ಮನುಷ್ಯನೂ ತಾನಾಗಿ ಬರೆಯುವುದಿಲ್ಲ.

‘ಹಣ ವಾಪಸ್ ಕಟ್ಟಿದ್ದೇನಲ್ಲ, ಮತ್ತೇನು ಕೇಸು’ ಎಂಬ ವಾದವನ್ನು ಬಹಳ ಮಂದಿ ನೆಚ್ಚಿಕೊಳ್ಳುತ್ತಾರೆ. ತಾತ್ಕಾಲಿಕ ದುರುಪಯೋಗವೂ ದುರುಪಯೋಗವೇ ಎಂದು ಸಂಹಿತೆ ವಿವರಣೆ ಕೊಟ್ಟೇ ಹೇಳುತ್ತದೆ. ಶುಕ್ರವಾರ ತೆಗೆದು ಸೋಮವಾರ ಇಟ್ಟರೂ ಅಪ್ರಾಮಾಣಿಕವಾಗಿ ತೆಗೆದದ್ದೇ ಆದರೆ ಅಪರಾಧ ಪೂರ್ತಿಯಾಗಿದೆ. ಹಣ ಕಟ್ಟಿದ್ದು ಜಾಮೀನಿಗೆ, ಶಿಕ್ಷೆ ಕಡಿಮೆಯಾಗಲು, ರಾಜಿಗೆ ನೆರವಾಗುತ್ತದೆ. ಖುಲಾಸೆಗೆ ಅದೊಂದೇ ಸಾಲದು.

ನಂಬಿ ಸಹಿ ಹಾಕಿದೆ

2009ರ ಜನವರಿ 7ರ ಬೆಳಿಗ್ಗೆ ಹೈದರಾಬಾದಿನ ಐಟಿ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಬರೆದ ಪತ್ರ ಹೊರಬಿತ್ತು. ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಹುಲಿ ಸವಾರಿ ಮಾಡುತ್ತಿದ್ದೆ, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂಬ ಅದರ ಮಾತು ಎಲ್ಲರಿಗೂ ನೆನಪಿದೆ. ಅಷ್ಟು ಸ್ಪಷ್ಟವಾಗಿ ಬರೆದುಕೊಟ್ಟ ಮೇಲೆ ವಿಚಾರಣೆ ಒಂದು ವಾರದ ಕೆಲಸ ಎಂದು ಹೊರಗಿನವರು ಅಂದುಕೊಂಡಿದ್ದರು. ಹೈದರಾಬಾದಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2015ರ ಏಪ್ರಿಲ್ 9ರಂದು, ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳಾದ ಮೇಲೆ. ಹತ್ತು ಮಂದಿಗೆ ಶಿಕ್ಷೆಯಾಯಿತು, ರಾಜುವಿಗೆ ಏಳು ವರ್ಷ. ಮರುತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಯಿತು.

ಪತ್ರ ಹೇಳಿದ್ದು ಒಬ್ಬನ ಮಾತು. ಉಳಿದ ಒಂಬತ್ತು ಜನರಿಗೆ ಅಂಟಿಸಲು ಬೇರೆಯದೇ ಬೇಕಿತ್ತು: ಸೃಷ್ಟಿಸಿದ ಎಫ್‌ಡಿ ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟುಗಳು, ಕಂಪನಿಯ ಬಿಲ್ಲಿಂಗ್ ತಂತ್ರಾಂಶದಲ್ಲಿ ವಿಶೇಷ ಪ್ರವೇಶ ಬಳಸಿ ಸೇರಿಸಿ, ವ್ಯವಹಾರ ವಿಭಾಗದವರ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟ ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್‌ಗಳು. ಹಣಕಾಸು ವಿಭಾಗದ ನೌಕರರೂ ಇಬ್ಬರು ಲೆಕ್ಕಪರಿಶೋಧಕರೂ ಸಿಕ್ಕಿಬಿದ್ದದ್ದು ಆ ದಾರಿಯಲ್ಲಿ.

ದೊಡ್ಡ ಕಂಪನಿ ಬಿಡಿ, ಸಣ್ಣ ಪ್ರೈವೇಟ್ ಲಿಮಿಟೆಡ್‌ಗಳಲ್ಲೂ ಅಳಿಯ, ಅತ್ತೆ, ಕಾರು ಓಡಿಸುವ ಹುಡುಗ ಎಲ್ಲ ನಿರ್ದೇಶಕರಾಗಿರುತ್ತಾರೆ. ವಂಚನೆಯಂಥ ಅಪರಾಧದಲ್ಲಿ ನಿರ್ದೇಶಕ ಎಂಬ ಕುರ್ಚಿಯೇ ಅಪರಾಧವಲ್ಲ, ಅವನ ಸಕ್ರಿಯ ಪಾತ್ರ ಮತ್ತು ದುರುದ್ದೇಶ ತೋರಿಸಬೇಕು ಎಂದು ಏರ್‌ಟೆಲ್‌ನ ಸುನಿಲ್ ಮಿತ್ತಲ್ ಅವರ ಪ್ರಕರಣದಲ್ಲಿ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು ‘ಸಿಎ ಹೇಳಿದರು, ಸಹಿ ಹಾಕಿದೆ’ ಎಂಬುದು ರಾಮಬಾಣವೂ ಅಲ್ಲ. ಸಂಹಿತೆಯಲ್ಲಿ ಸದ್ಭಾವನೆಗೆ ಒಂದು ನಿಷ್ಠುರ ವ್ಯಾಖ್ಯೆ ಇದೆ: ತಕ್ಕ ಎಚ್ಚರ ಮತ್ತು ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯಿಂದ ಮಾಡಿದ್ದಲ್ಲ. ಸಿಎಗೆ ಎಲ್ಲ ದಾಖಲೆ ಕೊಟ್ಟಿದ್ದೆನೇ, ಅನುಮಾನ ಬಂದ ಕಡೆ ಇಮೇಲಿನಲ್ಲಿ ಕೇಳಿದ್ದೆನೇ, ಉತ್ತರ ಬಂದ ಮೇಲೆ ಸಹಿ ಹಾಕಿದೆನೇ? ಆ ಒಂದು ಇಮೇಲಿಗೆ ಕೋರ್ಟಿನಲ್ಲಿ ಹತ್ತು ಸಾಕ್ಷಿಗಳ ತೂಕವಿದೆ. ಕೇಸಾದ ಮೇಲೆ ಅದನ್ನು ಹಿಂದಿನ ತಾರೀಖು ಹಾಕಿ ಸೃಷ್ಟಿಸುವವರೂ ಇದ್ದಾರೆ. ಸರ್ವರ್‌ನಲ್ಲಿ ಅದು ಸಿಕ್ಕಿಬಿದ್ದಾಗ, ಇಲ್ಲದಿದ್ದ ಫೋರ್ಜರಿ ನಿಜವಾಗಿಯೂ ಹುಟ್ಟುತ್ತದೆ.

ತಿರುಗುಮುರುಗಾಗುವ ಚೆಕ್ಕು

ಚೆಕ್ ಬೌನ್ಸ್ ಪ್ರಕರಣದಲ್ಲಿ ಮೇಲೆ ಹೇಳಿದ್ದೆಲ್ಲ ತಲೆಕೆಳಗು. ಅಲ್ಲಿ ಮನಸ್ಸು ಯಾರಿಗೂ ಬೇಕಿಲ್ಲ. ಸಹಿ ನಿನ್ನದೇ ಎಂದಾದರೆ ಸಾಲವಿತ್ತು ಎಂದೇ ಕಾನೂನು ಭಾವಿಸುತ್ತದೆ, ಇಲ್ಲ ಎನ್ನುವ ಭಾರ ಆರೋಪಿಯ ಮೇಲೆ. ಆ ಭಾವನೆಗೆ ಗಟ್ಟಿ ರೂಪ ಬಂದದ್ದು 2010ರಲ್ಲಿ, ಕರ್ನಾಟಕದಿಂದಲೇ ಹೋದ ಕೈಸಾಲದ ಪ್ರಕರಣವೊಂದರಲ್ಲಿ. ಚೆಕ್ಕು ಕಳೆದುಹೋಗಿತ್ತು ಎಂದ ಆರೋಪಿ, ಬಂದ ನೋಟಿಸಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ಆ ಮೌನ ಅವನ ವಿರುದ್ಧ ಹೋಯಿತು. ಚೆಕ್ಕು ವಾಪಸಾದದ್ದು ತಿಳಿದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನ ಕಾಯುವಿಕೆ, ಆಮೇಲೆ ಒಂದು ತಿಂಗಳಲ್ಲಿ ದೂರು. ಈ ಮೂರರಲ್ಲಿ ಒಂದು ತಾರೀಖು ತಪ್ಪಿದ್ದರೂ ಆರೋಪಿಯ ವಕೀಲ ಮೊದಲು ನೋಡುವುದು ಅದನ್ನೇ. ದೂರು ತಡವಾದದ್ದಕ್ಕೆ ಕಾರಣ ಕೊಟ್ಟರೆ ಕೋರ್ಟು ಮನ್ನಿಸಬಹುದು, ನೋಟಿಸ್ ತಡವಾದರೆ ಆ ರಿಯಾಯಿತಿ ಇಲ್ಲ.

ಆರೋಪಿ ತನ್ನ ಭಾರ ಇಳಿಸಿಕೊಳ್ಳಲು ಸಾಕ್ಷಿ ಕಟ್ಟೆಗೆ ಹತ್ತಲೇಬೇಕೆಂದಿಲ್ಲ. 2019ರ ಏಪ್ರಿಲ್‌ನಲ್ಲಿ, ಮತ್ತೆ ಕರ್ನಾಟಕದ್ದೇ ಪ್ರಕರಣದಲ್ಲಿ, ಸಾಲ ಕೊಟ್ಟೆ ಎನ್ನುವವನಿಗೆ ಅಷ್ಟು ಹಣ ಕೊಡುವ ತಾಕತ್ತು ಇತ್ತೇ ಎಂಬುದನ್ನು ಪಾಟಿ ಸವಾಲಿನಲ್ಲೇ ಪ್ರಶ್ನಿಸಿ ಗೆದ್ದದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಲಕ್ಷಗಟ್ಟಲೆ ನಗದು ಕೊಟ್ಟೆ ಎನ್ನುವವರ ಆದಾಯ ತೆರಿಗೆ ರಿಟರ್ನ್ಸ್ ಕೇಳುವ ಪರಿಪಾಠಕ್ಕೆ ಬಲ ಬಂದದ್ದು ಹೀಗೆ.

ಇಡಿ ಬಂದಾಗ

ಇಡಿ, ಅಂದರೆ ಜಾರಿ ನಿರ್ದೇಶನಾಲಯ, ಬಳಸುವ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ ನೆಲವೇ ಬೇರೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಬಿಟ್ಟರೆ ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಮಾತ್ರ ಜಾಮೀನು. ಮಹಿಳೆಯರಿಗೆ, ಕಾಯಿಲೆಯವರಿಗೆ, ಒಂದು ಕೋಟಿಗಿಂತ ಕಡಿಮೆ ಮೊತ್ತದ ಪ್ರಕರಣಗಳಿಗೆ ಇದರಲ್ಲಿ ಒಂದು ಕಿಂಡಿ ಇದೆ. ವಿಚಾರಣೆ ಶುರುವಾಗುವ ಲಕ್ಷಣವೇ ಇಲ್ಲದೆ ವರ್ಷಗಟ್ಟಲೆ ಒಳಗಿಡುವುದು ಸಲ್ಲದು ಎಂಬ ನೆಲೆಯಲ್ಲಿ 2024ರಲ್ಲಿ ದೆಹಲಿಯ ಮಾಜಿ ಉಪಮುಖ್ಯಮಂತ್ರಿ ಮನೀಶ್ ಸಿಸೋಡಿಯಾ ಅವರಿಗೆ ಸುಮಾರು 17 ತಿಂಗಳ ನಂತರ ಜಾಮೀನು ಸಿಕ್ಕಿತು. ಪೊಲೀಸರ ಮುಂದಿನ ಹೇಳಿಕೆಗೆ ಸಹಿ ಇಲ್ಲ, ಇಡಿ ಸಮನ್ಸ್ ಮೇಲೆ ಹೋಗಿ ಕೊಟ್ಟ ಹೇಳಿಕೆಗೆ ಸಹಿ ಇದೆ, ಅದು ಸಾಕ್ಷ್ಯವೂ ಆಗಬಲ್ಲದು. ಹಾಗಾಗಿ ನೆನಪಿಲ್ಲದ ಅಂಕಿಗೆ ‘ನೆನಪಿಲ್ಲ, ದಾಖಲೆ ನೋಡಿ ಹೇಳುತ್ತೇನೆ’ ಎಂದು ಬರೆಸುವುದು ಜಾಣತನವಲ್ಲ, ಅಗತ್ಯ. ಬಂಧಿಸುವಾಗ ಕಾರಣಗಳನ್ನು ಬರಹದಲ್ಲಿ ಕೊಡಬೇಕು ಎಂದು 2023ರ ಅಕ್ಟೋಬರ್‌ನಲ್ಲಿ ತೀರ್ಪಾಗಿದೆ. ಕೊಡದಿದ್ದರೆ ಬಂಧನವೇ ಅಕ್ರಮ.

ಆದರೂ ಇಡಿಯ ಕಟ್ಟಡ ನಿಂತಿರುವುದು ಇನ್ನೊಂದು ಕೇಸಿನ ಹೆಗಲ ಮೇಲೆ. ಮೂಲ ಅಪರಾಧ ಕಾಯ್ದೆಯ ಪಟ್ಟಿಯಲ್ಲಿರಬೇಕು. ಅದು ಬಿದ್ದರೆ ಇದೂ ಬೀಳುತ್ತದೆ ಎಂದು 2022ರ ಜುಲೈ ತೀರ್ಪೇ ಹೇಳಿದೆ, ಇಡಿಗೆ ಅಷ್ಟು ಬಲ ಕೊಟ್ಟ ತೀರ್ಪೂ ಅದೇ. ಪಟ್ಟಿಯಲ್ಲಿಲ್ಲದ ಅಪರಾಧಕ್ಕೆ 120ಬಿ ಒಳಸಂಚನ್ನು ಜೋಡಿಸಿ, ಒಳಸಂಚು ಪಟ್ಟಿಯಲ್ಲಿದೆಯಲ್ಲ ಎಂದು ಒಳನುಗ್ಗುವ ರೂಢಿ ಇತ್ತು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಆಸ್ತಿ ಖರೀದಿಯ ಪ್ರಕರಣದಲ್ಲಿ 2023ರ ನವೆಂಬರ್ 29ರಂದು ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ಒಳಸಂಚು ಪಟ್ಟಿಯಲ್ಲಿರುವ ಅಪರಾಧ ಮಾಡಲಿಕ್ಕೇ ನಡೆದಿರಬೇಕು. ಮರುವರ್ಷ ಮಾರ್ಚ್‌ನಲ್ಲಿ ಡಿ.ಕೆ. ಶಿವಕುಮಾರ್ ಅವರ ಮೇಲಿನ ಇಡಿ ಪ್ರಕರಣ ರದ್ದಾದದ್ದೂ ಇದೇ ಎಳೆಯಿಂದ.

ಕಾಗದ ಕೋರ್ಟಿಗೆ ಬರುವ ದಾರಿ

2017ರ ಡಿಸೆಂಬರ್ 21ರಂದು 2ಜಿ ತರಂಗಾಂತರ ಹಂಚಿಕೆ ಪ್ರಕರಣದ ಎಲ್ಲ ಆರೋಪಿಗಳನ್ನು ಬಿಡುಗಡೆ ಮಾಡಿದ ನ್ಯಾಯಾಧೀಶ ಓ.ಪಿ. ಸೈನಿ, ಕಾನೂನು ಒಪ್ಪುವ ಸಾಕ್ಷ್ಯ ಹಿಡಿದು ಯಾರಾದರೂ ಬಂದಾರೆಂದು ಏಳು ವರ್ಷ ಕಾದೆ, ಯಾರೂ ಬರಲಿಲ್ಲ ಎಂಬರ್ಥದ ಮಾತು ಬರೆದರು. ಒತ್ತು ‘ಕಾನೂನು ಒಪ್ಪುವ’ ಎಂಬುದರ ಮೇಲೆ. ವಾಟ್ಸ್‌ಆ್ಯಪ್ ಸ್ಕ್ರೀನ್‌ಶಾಟ್, ಟ್ಯಾಲಿ ಪ್ರಿಂಟ್‌ಔಟ್, ಸಿಸಿಟಿವಿ ಪೆನ್‌ಡ್ರೈವ್ ಯಾವುದೂ ಪ್ರಮಾಣಪತ್ರವಿಲ್ಲದೆ ಒಳಬರುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಆಗಿದ್ದದ್ದು ಈಗ ಹೊಸ ಸಾಕ್ಷ್ಯ ಅಧಿನಿಯಮದ 63. ಅದರ ನಮೂನೆಯಲ್ಲಿ ಎರಡು ಭಾಗ, ಒಂದು ಹಾಜರುಪಡಿಸುವವರು ತುಂಬುವುದು, ಇನ್ನೊಂದು ತಜ್ಞರು ತುಂಬುವುದು, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ, ಅಂದರೆ ಕಡತದ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು, ಬರೆಯಬೇಕು. ಜಪ್ತಿ ಮಹಜರಿನ ದಿನದ ಹ್ಯಾಶ್‌ಗೂ ಪ್ರಯೋಗಾಲಯದ ವರದಿಯ ಹ್ಯಾಶ್‌ಗೂ ಒಂದು ಅಕ್ಷರ ಹೊಂದದಿದ್ದರೆ, ಮಧ್ಯದಲ್ಲಿ ಯಾರೋ ಆ ಕಂಪ್ಯೂಟರನ್ನು ತೆರೆದಿದ್ದಾರೆ ಎನ್ನಲು ದಾರಿಯಾಗುತ್ತದೆ. ಪಂಚರ ಸಹಿಯ ಬಗ್ಗೆ ಅರ್ಧ ದಿನ ಪಾಟಿ ಸವಾಲು ನಡೆಸುವ ವಕೀಲರು ಹ್ಯಾಶ್ ಅಂಕಿಯನ್ನು ಹೋಲಿಸಿ ನೋಡದೆ ಬಿಡುವುದುಂಟು. ಅದು ಸೋಮಾರಿತನವಲ್ಲ, ಅಭ್ಯಾಸದ ಕೊರತೆ.

ರಾಜಿಯ ಬಾಗಿಲೂ ಕಲಂ ನೋಡಿಯೇ ತೆರೆಯುತ್ತದೆ. 406 ಮತ್ತು 420ರಲ್ಲಿ ಕೋರ್ಟಿನ ಅನುಮತಿಯಿಂದ ರಾಜಿಯಾಗಬಹುದು. 409, 467ರಲ್ಲಿ ಆಗದು. ಖಾಸಗಿ ವ್ಯವಹಾರವಾದರೆ ಹೈಕೋರ್ಟಿಗೆ ಹೋಗಿ ಪ್ರಕರಣವನ್ನು ಕ್ವಾಶ್ (ರದ್ದು) ಮಾಡಿಸಿಕೊಳ್ಳಬೇಕು. ಸಾವಿರಾರು ಠೇವಣಿದಾರರ ಹಣದ ಪ್ರಕರಣವಾದರೆ ಹೈಕೋರ್ಟೂ ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನೊಂದು ಸಂಗತಿ ಹಣ ಕಳೆದುಕೊಂಡವರಿಗೆ. ಪಿಸಿಆರ್ (ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು) ಹಾಕಿಯಾಯಿತು, ಕ್ರಿಮಿನಲ್ ಕೇಸು ಮುಗಿದರೆ ಹಣ ಬರುತ್ತದೆ ಎಂದು ಅವರು ಕಾಯುತ್ತಾರೆ. ವಸೂಲಿ ದಾವೆಗೆ ಮೂರು ವರ್ಷದ ಕಾಲಮಿತಿ, ಕ್ರಿಮಿನಲ್ ಕೇಸು ನಡೆಯುತ್ತಿದೆ ಎಂದು ಆ ಗಡಿಯಾರ ನಿಲ್ಲುವುದಿಲ್ಲ. ಮೂರು ವರ್ಷ ತುಂಬುವ ಹೊತ್ತಿಗೆ ಆ ಕಡೆ ಆರೋಪ ನಿಗದಿಯೂ ಆಗಿಲ್ಲದಿರಬಹುದು. ಮಿತಿ ಮುಗಿಯುವ ಮುಂಚೆ ಸಾಲಗಾರ ‘ಬಾಕಿ ಇರುವುದು ನಿಜ, ದೀಪಾವಳಿವರೆಗೆ ಸಮಯ ಕೊಡಿ’ ಎಂದು ಬರೆದು ಸಹಿ ಹಾಕಿದ ಒಂದು ಚೀಟಿ ಇದ್ದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಅದೇ ಚೀಟಿಯ ನೆರಳಚ್ಚು ಆರೋಪಿಯ ವಕೀಲರ ಫೈಲಿನಲ್ಲೂ ಇರುತ್ತದೆ, ಮೋಸ ಮಾಡುವ ಉದ್ದೇಶ ಇರಲಿಲ್ಲ ಎಂಬುದಕ್ಕೆ ಒಂದನೇ ದಾಖಲೆಯಾಗಿ.